ಮೀನುಗಳ ಬಿಳಿಚುಕ್ಕೆ ರೋಗವೂ ಅದರ ಉಪಚಾರವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಒಕ್ಕಲಿಗರಿಗೆ ನೀರಿನ ಬೆಲೆಯನ್ನು ಹೇಳಿಕೊಡಬೇಕಾದ ಕಾರಣವಿಲ್ಲ. ಕೃಷ್ಣೆಯ ಕಾಲುವೆಗಳು ಬಂದ ಮೇಲೆ, ಮತ್ತು 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಹೊಂಡಗಳಾದ ಮೇಲೆ, ನಿಂಬೆಯ ತೋಟಕ್ಕೆಂದು ಕೂಡಿಟ್ಟ ನೀರಿನಲ್ಲಿಯೇ ಕಾಟ್ಲಾ, ರೋಹು ಮೀನುಗಳನ್ನು ಸಾಕುವ ಅನುಕೂಲವೊದಗಿದೆ. ಪಡಸಾಲೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಮಕ್ಕಳ ಸಂತೋಷಕ್ಕಾಗಿ ಬಣ್ಣದ ಮೀನು ಸಾಕುವ ಮನೆಗಳೂ ಉಂಟು. ಬಿಳಿಚುಕ್ಕೆ ರೋಗವು ಎರಡೂ ಕಡೆ ಬರತಕ್ಕದ್ದು. ಆದರೆ ತೊಟ್ಟಿಗೆ ಸಲ್ಲುವ ಉಪಚಾರವು ಹೊಂಡಕ್ಕೆ ಸಲ್ಲದು. ಈ ಭೇದವನ್ನರಿಯದಿದ್ದರೆ ಮೀನಿನೊಡನೆ ತೋಟವೂ ಕೆಡುವ ಸಂಭವವಿದೆ.

ರೋಗ ಹತ್ತಿದ ಮೀನಿನ ಮೈಮೇಲೆಯೂ ರೆಕ್ಕೆಗಳ ಮೇಲೆಯೂ ಸಣ್ಣ ರವೆಯನ್ನು ಉದುರಿಸಿದಂತೆ ಬಿಳಿ ಚುಕ್ಕೆಗಳು ಕಾಣುವವು. ಮೀನು ಕಲ್ಲಿಗೆ ಮೈ ತಿಕ್ಕುವದು, ಮೇವು ಬಿಡುವದು. ಕಿವಿರುಗಳಲ್ಲಿ ರೋಗ ಸೇರಿದರೆ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುವದು. ಚಿನ್ನದ ಮೀನಿನ ಗಂಡಿಗೆ ಬೆದೆಯ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ ಬಿಳಿ ಗುಳ್ಳೆಗಳೇಳುವದುಂಟು. ಅದು ರೋಗವಲ್ಲ, ಅದಕ್ಕೆ ಔಷಧ ಬೇಡ.

ಈ ರೋಗಕ್ಕೆ ಕಾರಣವು ಒಂದು ಏಕಕೋಶದ ಪರೋಪಜೀವಿ. 1876ರಲ್ಲಿ ಫೂಕೆ ಎಂಬ ವಿದ್ವಾಂಸನು ಇದಕ್ಕೆ ‘ಬಹುಸಂತಾನದ ಮೀನುಹೇನು’ ಎಂಬರ್ಥದ ಹೆಸರಿಟ್ಟನು. ಹೆಸರು ತಕ್ಕದ್ದೇ ಆಗಿದೆ. ಮೀನಿನ ಚರ್ಮದ ಒಳಗೆ ಸೇರಿ ಬೆಳೆದ ಕ್ರಿಮಿಯು ಬಲಿತ ಮೇಲೆ ಕಳಚಿ ತಳಕ್ಕೆ ಬೀಳುವದು. ಅಲ್ಲಿ ಕೋಶ ಕಟ್ಟಿಕೊಂಡು ಒಂದು ನೂರಾರು ಮರಿಗಳಾಗಿ ಒಡೆಯುವದು. ಆ ಮರಿಗಳು ಈಜಿ ಒಂದೆರಡು ದಿನಗಳಲ್ಲಿ ಮೀನನ್ನು ಹಿಡಿಯದಿದ್ದರೆ ಸಾಯುವವು. ಚರ್ಮದೊಳಗಿನ ಕ್ರಿಮಿಗೆ ಔಷಧ ತಾಕದು. ಈಜುವ ಮರಿಗೆ ಮಾತ್ರ ತಾಕುವದು. ಆದಕಾರಣ ಒಂದು ದಿನದ ಉಪಚಾರದಿಂದ ಫಲವಿಲ್ಲ. ಚುಕ್ಕೆಗಳು ಮಾಯವಾದವೆಂದು ಉಪಚಾರ ನಿಲ್ಲಿಸುವವರೇ ಹೆಚ್ಚು. ಆದರೆ ಆಗ ಕ್ರಿಮಿಯು ಸತ್ತಿರುವದಿಲ್ಲ, ತಳದಲ್ಲಿ ಮರಿಯಾಗುತ್ತಿರುವದು. 25 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಈ ಚಕ್ರವು ಸುಮಾರು ಒಂದು ವಾರದಲ್ಲಿ ಮುಗಿದರೆ, ಮಾಗಿಯ ತಣ್ಣೀರಿನಲ್ಲಿ ಅದಕ್ಕಿಂತ ಬಹಳ ದಿನ ಹಿಡಿಯುವದು.

ಗಾಜಿನ ತೊಟ್ಟಿಯಲ್ಲಿ ಲೀಟರಿಗೆ 2 ಗ್ರಾಂ ಪ್ರಮಾಣದ ಕಲ್ಲುಪ್ಪು ಸಾಕು. 40 ಲೀಟರಿಗೆ 80 ಗ್ರಾಂ. ಇದನ್ನು ನೀರಿನಲ್ಲಿ ಕರಗಿಸಿ ಒಂದು ದಿನದ ಅವಧಿಯಲ್ಲಿ ಮೂರು ಸಲ ಹಂಚಿ ಹಾಕತಕ್ಕದ್ದು. ಮೊದಲೇ ಸವುಳು ನೀರಿದ್ದ ಊರಲ್ಲಿ, ತೊಟ್ಟಿಯಲ್ಲಿ ನೀರುಗಿಡಗಳಿದ್ದಲ್ಲಿ, ಇಲ್ಲವೆ ಪರೆಯಿಲ್ಲದ ಮೀನುಗಳಿದ್ದಲ್ಲಿ ಪ್ರಮಾಣವನ್ನು ಅರ್ಧಕ್ಕಿಳಿಸುವದು ಒಳ್ಳೆಯದು. ಪ್ರತಿದಿನ ರಬ್ಬರು ನಳಿಕೆಯಿಂದ ತಳದ ಕೆಸರನ್ನು ಹೀರಿ ತೆಗೆದು, ಕಾಲು ಭಾಗ ನೀರನ್ನು ಬದಲಿಸಬೇಕು. 10 ಲೀಟರು ತೆಗೆದರೆ ಹೊಸ ನೀರಿನೊಡನೆ 20 ಗ್ರಾಂ ಉಪ್ಪನ್ನು ಮಾತ್ರ ಸೇರಿಸಬೇಕು; 80 ಗ್ರಾಂ ಹಾಕಿದರೆ ದಿನದಿನಕ್ಕೆ ಉಪ್ಪು ಏರಿ ಮೀನೇ ಸಾಯುವದು. ನಳದ ನೀರನ್ನು ರಾತ್ರಿಯೆಲ್ಲ ತೆರೆದಿಟ್ಟು ಬಳಸತಕ್ಕದ್ದು. ವಿದ್ಯುತ್ತಿನ ಹೀಟರಿದ್ದವರು ಶಾಖವನ್ನು ಒಂದೆರಡು ದಿನಗಳಲ್ಲಿ ಮೆಲ್ಲಗೆ 30 ಡಿಗ್ರಿಗೆ ಏರಿಸಿದರೆ ಕ್ರಿಮಿಯ ವೃದ್ಧಿ ಕುಂದುವದು. ಆದರೆ ಬಿಸಿನೀರಿನಲ್ಲಿ ಪ್ರಾಣವಾಯು ಕಡಿಮೆಯಾಗುವದರಿಂದ ಗಾಳಿಯ ಯಂತ್ರವನ್ನು ನಿಲ್ಲಿಸಬಾರದು. ಕೊನೆಯ ಚುಕ್ಕೆ ಹೋದ ಮೇಲೆಯೂ ಹತ್ತು ದಿನ ಈ ಕ್ರಮವನ್ನು ನಡಿಸಬೇಕು.

ಹೊಂಡದ ಮಾತು ಬೇರೆ. ಒಂದು ಲಕ್ಷ ಲೀಟರು ನೀರಿಗೆ ಇದೇ ಲೆಕ್ಕದಿಂದ ಎರಡು ಕ್ವಿಂಟಲ್ ಉಪ್ಪು ಬೇಕಾಗುವದು. ಆ ಉಪ್ಪೆಲ್ಲ ನೀರಿನೊಡನೆ ನಿಂಬೆಯ ಬುಡಕ್ಕೆ ಹೋಗುವದು. ನಿಂಬೆಯು ಉಪ್ಪನ್ನು ತಾಳದ ಗಿಡ. ಎರೆಯ ಭೂಮಿಯಲ್ಲಿ ಸೇರಿದ ಉಪ್ಪು ಸುಲಭವಾಗಿ ತೊಳೆದುಹೋಗುವದಿಲ್ಲ. ಅಂಗಡಿಯಲ್ಲಿ ಬಣ್ಣದ ಮೀನಿಗೆಂದು ಮಾರುವ ಮಲಕೈಟ್ ಗ್ರೀನ್ ಔಷಧವಂತೂ ಆಹಾರದ ಮೀನಿಗೆ ನಿಷಿದ್ಧವಾದದ್ದು. ಹೊಂಡದಲ್ಲಿ ಸತ್ತ ಮೀನುಗಳನ್ನು ಕೂಡಲೆ ತೆಗೆದು ಹುಗಿಯಬೇಕು, ಮೇವನ್ನು ಕಡಿಮೆ ಮಾಡಬೇಕು, ದಟ್ಟಣೆಯಿದ್ದರೆ ದೊಡ್ಡ ಮೀನುಗಳನ್ನು ಹಿಡಿಯಬೇಕು, ಸಾಧ್ಯವಿದ್ದಷ್ಟು ಹೊಸ ನೀರು ಬಿಡಬೇಕು. ತಾಲೂಕಿನ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳನ್ನು ಕೇಳದೆ ಬೇರೆ ಔಷಧ ಹಾಕಬಾರದು.

ರೋಗವು ಬಹುಶಃ ಹೊಸ ಮೀನಿನೊಡನೆಯೇ ಬರುವದು. ಕೊಂಡುತಂದ ಮೀನನ್ನು ಎರಡು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಬೇಕು. ಬಲೆ, ಬಕೀಟುಗಳನ್ನು ಬಿಸಿಲಿನಲ್ಲಿ ಪೂರ್ಣ ಒಣಗಿಸದೆ ಹೊಂಡಕ್ಕೆ ಒಯ್ಯಬಾರದು. ರೋಗಿ ಮೀನನ್ನು ಕೊಲ್ಲಲು ಮನಸ್ಸಾಗದೆ ಊರ ಬಾವಿಗೋ ಕೆರೆಗೋ ಬಿಡುವ ಮಕ್ಕಳನ್ನು ಹಿರಿಯರು ತಡೆಯಬೇಕು. ಸೊಳ್ಳೆಮರಿ ತಿನ್ನಲೆಂದು ಬಾವಿಗಳಲ್ಲಿ ಬಿಟ್ಟ ಗಪ್ಪಿ ಮೀನುಗಳಿಗೂ ಈ ರೋಗ ಹತ್ತುವದು.