ಹೊಲಿಗೆ ಮೆಷಿನ್ನಿನ ಕಾಲಡಿಯ ನೆಲ

ಮನೆಯಲ್ಲಿರುವ ಕರೆಂಟಿನ ಹೊಲಿಗೆ ಮೆಷಿನ್ನು ನಿಮಿಷಕ್ಕೆ 800 ಹೊಲಿಗೆ ಹಾಕುತ್ತಿದೆ ಎಂದುಕೊಳ್ಳಿ. ಸೂಜಿ ಸೆಕೆಂಡಿಗೆ ಹದಿಮೂರು ಸಲ ಕೆಳಗಿಳಿದು ಮೇಲೇಳುತ್ತಿರುತ್ತದೆ. ಪ್ರತಿ ಸಲ ಅದು ಮೇಲೇಳಲು ತೊಡಗಿದಾಗ ದಾರ ಬಟ್ಟೆಯ ಅಡಿಯಲ್ಲಿ ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ಶಟಲ್ಲಿನ ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಬಾಬಿನ್ನಿನ ಸುತ್ತ ಹಾಯಿಸುತ್ತದೆ. ಮೇಲಿನ ಸನ್ನೆ ದಾರವನ್ನು ಎಳೆದು ಹೊಲಿಗೆಯನ್ನು ಬಿಗಿ ಮಾಡುತ್ತದೆ. 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದಿಂದ ಇಂದಿನ ಯಂತ್ರದವರೆಗೆ ಎರಡು ದಾರಗಳ ಈ ಹೆಣಿಗೆಯ ಮೂಲತತ್ವ ಬದಲಾಗಿಲ್ಲ. ಸೂಜಿ ಹಿಡಿದ ಉಕ್ಕಿನ ದಂಡ ಪ್ರತಿ ಹೊಲಿಗೆಗೂ ಎರಡು ಸಲ ನಿಂತು ದಿಕ್ಕು ಬದಲಿಸಬೇಕು. ನಿಲ್ಲುವಾಗಲೂ ತಿರುಗುವಾಗಲೂ ಅದು ಮೆಷಿನ್ನಿನ ಮೈಯನ್ನು ನೂಕುತ್ತದೆ, ಮೆಷಿನ್ನು ಮೇಜನ್ನು ನೂಕುತ್ತದೆ, ಮೇಜು ನೆಲವನ್ನು. ವೇಗ ಎರಡರಷ್ಟಾದರೆ ಈ ನೂಕು ನಾಲ್ಕರಷ್ಟಾಗುತ್ತದೆ.

ಇಷ್ಟು ಹೇಳಿದ್ದು ಏಕೆಂದರೆ, ಹೊಲಿಗೆಗೆಂದೇ ಒಂದು ಕೋಣೆ ಬಿಡುವ ಮನೆಗಳಲ್ಲಿ ಕಿಟಕಿ, ದೀಪ, ಕಪಾಟುಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯುತ್ತದೆ. ನೆಲದ ಮಾತು ಬಂದಾಗ ಮಾತ್ರ ‘ಹಾಲಿಗೆ ತಂದದ್ದೇ ಇಲ್ಲಿಗೂ ಹಾಕಿಬಿಡಿ’ ಎಂದು ಮೇಸ್ತ್ರಿಗೆ ಹೇಳಿ ಮುಗಿಸುತ್ತಾರೆ. ಹಾಲಿನ ನೆಲವನ್ನು ಕಣ್ಣಿಗಾಗಿ ಆರಿಸುತ್ತೇವೆ. ಹೊಲಿಗೆ ಕೋಣೆಯ ನೆಲವಾದರೋ ಯಂತ್ರದ ಒಂದು ಭಾಗ. ಮೆಷಿನ್ನಿನ ಅದುರು ಕೊನೆಗೆ ಇಳಿಯುವುದು ಅಲ್ಲಿಗೆ. ನಮ್ಮ ಮನೆಗಳಲ್ಲಿ ಅದು ಬಟ್ಟೆ ಕತ್ತರಿಸುವ ಮೇಜೂ ಹೌದು.

ಮೊದಲು ಕಾಲುಮೆಷಿನ್ನನ್ನೇ ನೋಡೋಣ, ಅದು ಇನ್ನೂ ಎಷ್ಟೋ ಮನೆಗಳಲ್ಲಿ ದುಡಿಯುತ್ತಿದೆ. ಪೆಡಲಿನ ಮೇಲೆ ಹಿಮ್ಮಡಿ, ಮುಂಗಾಲು ಒಂದಾದಮೇಲೊಂದು ಒತ್ತುತ್ತವೆ. ಆ ತೂಗಾಟವನ್ನು ಒಂದು ಕಬ್ಬಿಣದ ಕಡ್ಡಿ ದೊಡ್ಡ ಗಾಲಿಯ ತಿರುಗಾಟವನ್ನಾಗಿ ಮಾಡುತ್ತದೆ, ಚರ್ಮದ ಬೆಲ್ಟು ಅದನ್ನು ಮೇಲಿನ ಸಣ್ಣ ಗಾಲಿಗೆ ಮುಟ್ಟಿಸುತ್ತದೆ. ಪಾದದ ಒತ್ತು ನೇರ ಕೆಳಕ್ಕಷ್ಟೇ ಹೋಗುವುದಿಲ್ಲ. ಸ್ವಲ್ಪ ಭಾಗ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ಸ್ಟ್ಯಾಂಡು ಎರಕದ ಕಬ್ಬಿಣದ್ದು, ಭಾರವಾದದ್ದು. ಹಾಗಿದ್ದರೂ ಕನ್ನಡಿಯಂತಹ ಟೈಲ್ಸಿನ ಮೇಲೆ, ಅದರಲ್ಲೂ ಕಾಲಿಗೆ ಪುಟ್ಟ ಚಕ್ರಗಳಿದ್ದರೆ, ಹೊಲಿಯುತ್ತ ಹೊಲಿಯುತ್ತ ಅದು ಗೋಡೆಯ ಕಡೆಗೆ ಸರಿಯುತ್ತದೆ. ಕರೆಂಟಿನ ಮೆಷಿನ್ನಿನಲ್ಲಿ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ: ಸ್ಟ್ಯಾಂಡಿನ ಬದಲು ಕಾಲಡಿಯ ಹಗುರ ಪೆಡಲೇ ಜಾರಿ ದೂರ ಹೋಗುತ್ತದೆ. ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಕಾಲಿನಲ್ಲಿ ಪೆಡಲು ಹುಡುಕುವಾಗ ಹೊಲಿಗೆಯ ಗೆರೆ ಸೊಟ್ಟಗಾಗುತ್ತದೆ.

ಇನ್ನು ನಾಲ್ಕು ಕಾಲುಗಳ ಲೆಕ್ಕ. ಮೂರು ಕಾಲಿನ ಮಣೆ ಎಂಥ ನೆಲದ ಮೇಲೂ ಅಲುಗುವುದಿಲ್ಲ, ಏಕೆಂದರೆ ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ನಾಲ್ಕನೆಯ ಕಾಲು ಬಂದೊಡನೆ ನೆಲದ ಗುಣ ಬಯಲಿಗೆ ಬೀಳುತ್ತದೆ. ಒಂದು ಕಾಲು ಕೂದಲೆಳೆಯಷ್ಟು ಎತ್ತರದಲ್ಲಿ ನಿಂತರೂ ಸೂಜಿಯ ಪ್ರತಿ ಏಟಿಗೆ ಸ್ಟ್ಯಾಂಡು ಆ ಕಡೆ ಈ ಕಡೆ ಕುಟ್ಟುತ್ತದೆ. ಆ ಕಾಲಿನ ಕೆಳಗೆ ರಟ್ಟು ಮಡಚಿ ಇಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ಗಣಿತದಲ್ಲಿ ಇದಕ್ಕೆ ಸುಂದರವಾದ ಬೇರೊಂದು ಉತ್ತರವಿದೆ. ಅದನ್ನು 1973ರಲ್ಲಿ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದ ಮೂಲಕ ಜನಪ್ರಿಯಗೊಳಿಸಿದರು. ಕಾಲುಗಳು ಸಮನಾಗಿರುವ ಚೌಕ ಮೇಜು ಅಲುಗುತ್ತಿದ್ದರೆ, ಇದ್ದ ಜಾಗದಲ್ಲೇ ಅದನ್ನು ಮೆಲ್ಲಗೆ ತಿರುಗಿಸುತ್ತ ಹೋಗಿ. ಕಾಲು ಸುತ್ತಿನೊಳಗೆ ಎಲ್ಲೋ ಒಂದು ಕಡೆ ನಾಲ್ಕೂ ಕಾಲು ನೆಲಕ್ಕೆ ತಾಗುತ್ತವೆ. ಕಾರಣ ಹೀಗೆ: ಎದುರುಬದುರಿನ ಎರಡು ಜೋಡಿ ಕಾಲುಗಳಲ್ಲಿ ಒಂದು ಜೋಡಿ ಈಗ ಗಟ್ಟಿಯಾಗಿ ಊರಿದೆ, ಇನ್ನೊಂದು ಜೋಡಿ ಅಲುಗುತ್ತಿದೆ. ಕಾಲು ಸುತ್ತು ತಿರುಗಿಸಿದರೆ ಎರಡೂ ಜೋಡಿ ತಮ್ಮ ಜಾಗವನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಊರಿದ್ದು ಅಲುಗುತ್ತದೆ, ಅಲುಗುತ್ತಿದ್ದದ್ದು ಊರುತ್ತದೆ. ಈ ಬದಲಾವಣೆ ನಡುವೆ ಎಲ್ಲೂ ಜಿಗಿಯದೆ ನಡೆಯುವುದಾದರೆ, ಎರಡೂ ಸಮನಾಗಿ ಊರುವ ಒಂದು ಕ್ಷಣವನ್ನು ಅದು ಹಾದೇ ಹೋಗಬೇಕು. ಹೊಲಿಗೆ ಸ್ಟ್ಯಾಂಡಿನಂಥ ಉದ್ದಚೌಕಕ್ಕೂ ಈ ಮಾತು ನಡೆಯುತ್ತದೆ, ತಿರುವು ಮಾತ್ರ ಹೆಚ್ಚು ಬೇಕಾಗಬಹುದು.

ಇದರಲ್ಲಿ ‘ಎಲ್ಲೂ ಜಿಗಿಯದೆ’ ಎಂಬ ಒಂದು ಷರತ್ತಿದೆ, ನೆಲ ಆರಿಸುವವರಿಗೆ ಬೇಕಾದದ್ದು ಅದೇ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಬಣ್ಣ ಬೆರೆಸಿ ಇಡೀ ಕೋಣೆಗೆ ಒಂದೇ ಹಾಸಾಗಿ ಎಳೆದು, ತೀಡಿ ನುಣುಪು ಮಾಡುವ ಹಳೆಯ ರೆಡ್ ಆಕ್ಸೈಡ್ ನೆಲದಲ್ಲಿ ಏರುತಗ್ಗು ಇರಬಹುದು, ಆದರೆ ಅದು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಅಂಥ ನೆಲದಲ್ಲಿ ಸ್ಟ್ಯಾಂಡನ್ನು ಒಂದಿಷ್ಟು ತಿರುಗಿಸಿದರೆ ಸಾಕು, ಕೂರುವ ಜಾಗ ಸಿಗುತ್ತದೆ. ಟೈಲ್ಸು ಹಾಗಲ್ಲ. ಪಕ್ಕಪಕ್ಕದ ಎರಡು ಟೈಲುಗಳಲ್ಲಿ ಒಂದರ ಅಂಚು ಅರ್ಧ ಮಿಲಿಮೀಟರ್ ಎದ್ದಿದ್ದರೆ ಅಲ್ಲಿ ನೆಲದ ಎತ್ತರ ಒಮ್ಮೆಗೇ ಜಿಗಿಯುತ್ತದೆ, ಗಣಿತದ ಭರವಸೆಯೂ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಹೊಲಿಗೆ ಕೋಣೆಗೆ ಟೈಲ್ಸೇ ಎಂದು ತೀರ್ಮಾನಿಸಿದವರು ಅದರ ಬೆಲೆಗಿಂತ ಕೂರಿಸುವವರ ಕೈಗುಣಕ್ಕೆ ಹೆಚ್ಚು ಗಮನ ಕೊಡಬೇಕು. ಬೆರಳ ತುದಿಯನ್ನು ಸಂದಿನ ಮೇಲೆ ಆಡಿಸಿ. ಅಂಚು ತಾಕಿದರೆ ಸಿಮೆಂಟು ಆರುವ ಮೊದಲೇ ಸರಿಮಾಡಿಸಿಕೊಳ್ಳಿ.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಕೆಳಗಿನ ಮನೆಯವರ ನಿದ್ದೆಯ ಚಿಂತೆಯೂ ಇದೆ. ಸಾಮಾನ್ಯವಾಗಿ ಅವರು ಮೆಷಿನ್ನಿನ ಕೆಳಗೆ ದಪ್ಪ ಸ್ಪಂಜು ಹಾಸುತ್ತಾರೆ. ಮೆತ್ತಗಿದ್ದಷ್ಟೂ ಅದುರು ಕಡಿಮೆ ಎಂಬ ಎಣಿಕೆ ಇದರ ಹಿಂದಿದೆ, ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಮೆತ್ತನೆಯ ಹಾಸಿನ ಮೇಲೆ ಕೂತ ಭಾರಕ್ಕೆ ಅದರದ್ದೇ ಒಂದು ತೂಗುವ ಲಯ ಇರುತ್ತದೆ. ಭಾರಕ್ಕೆ ಹಾಸು ಎಷ್ಟು ಕುಸಿಯುತ್ತದೆ ಎನ್ನುವುದರಿಂದ ಆ ಲಯ ಸುಮಾರಾಗಿ ತಿಳಿಯುತ್ತದೆ. ಸ್ಪಂಜು 10 ಮಿಲಿಮೀಟರ್ ಕುಸಿದರೆ ಲಯ ಸೆಕೆಂಡಿಗೆ ಐದು, ಅಂದರೆ ನಿಮಿಷಕ್ಕೆ 300. ಅದು ಕಂಕುಳ ತಿರುವಿನಲ್ಲೋ ಕತ್ತಿನ ಪಟ್ಟಿಯಲ್ಲೋ ನಿಧಾನವಾಗಿ ಹೊಲಿಯುವ ವೇಗವೇ. ಯಂತ್ರದ ಲಯವೂ ಹಾಸಿನ ಲಯವೂ ಕೂಡಿದಾಗ ಅದುರು ಕಡಿಮೆಯಾಗುವ ಬದಲು ಬೆಳೆಯುತ್ತದೆ, ಅದೂ ಕೈ ಸ್ಥಿರವಾಗಿರಬೇಕಾದ ಜಾಗದಲ್ಲೇ. ಯಂತ್ರದ ಲಯ ಹಾಸಿನ ಲಯದ ಸುಮಾರು 1.4 ಪಟ್ಟು ದಾಟಿದ ಮೇಲಷ್ಟೇ ಹಾಸು ಅದುರನ್ನು ತಡೆಯಲು ಶುರುಮಾಡುವುದು.

ತೆಳುವಾದ, ಗಟ್ಟಿ ರಬ್ಬರ್ ಹಾಸು ಹಾಗೆ ತೂಗುವುದಿಲ್ಲ. ಸೆಕೆಂಡಿಗೆ ಹದಿಮೂರರ ಅದುರನ್ನು ಅದು ತಡೆಯದು, ನಿಜ. ಆದರೆ ಮನುಷ್ಯರ ಕಿವಿಗೆ ಸೆಕೆಂಡಿಗೆ ಇಪ್ಪತ್ತಕ್ಕಿಂತ ಕಡಿಮೆಯ ಕಂಪನ ಕೇಳಿಸುವುದೇ ಇಲ್ಲ. ಕೆಳಮನೆಯವರಿಗೆ ಕೇಳಿಸುವುದು ಶಟಲ್ಲಿನ, ಹಲ್ಲುಗಾಲಿಗಳ, ಬಟ್ಟೆ ತಳ್ಳುವ ಹಲ್ಲುಗಳ ಟಕಟಕ ಸದ್ದು. ಆ ವೇಗದ ಕಂಪನಗಳನ್ನು ರಬ್ಬರು ಚೆನ್ನಾಗಿ ಹಿಡಿದಿಡುತ್ತದೆ. ಜೊತೆಗೆ ಮೆಷಿನ್ನನ್ನು ಕೋಣೆಯ ನಡುವಿನಿಂದ ಗೋಡೆಯ ಹತ್ತಿರಕ್ಕೆ, ತೊಲೆ ಅಥವಾ ಕಂಬ ಇರುವ ಕಡೆಗೆ ಸರಿಸಿ. ಕಾಂಕ್ರೀಟ್ ಹಾಸು ಹೆಚ್ಚು ಬಾಗುವುದು ನಡುವಿನಲ್ಲಿ, ಆಧಾರದ ಬಳಿ ಅದು ಬಿಗಿಯಾಗಿರುತ್ತದೆ. ಈ ಒಂದು ಬದಲಾವಣೆಗೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

ಈಗ ಕತ್ತರಿಸುವ ಕೆಲಸಕ್ಕೆ ಬರೋಣ. ಪೇಟೆಯ ದರ್ಜಿಗೆ ಎತ್ತರದ ಮೇಜಿದೆ. ಮನೆಯಲ್ಲಿ ಹೊಲಿಯುವವರು ನೆಲದ ಮೇಲೆಯೇ ಬಟ್ಟೆ ಹರಡುತ್ತಾರೆ. ಸೀರೆಗೆ ಫಾಲ್ಸ್ ಹಚ್ಚುವುದಾದರೆ ಐದೂವರೆ ಮೀಟರ್ ಬಟ್ಟೆ ಸುಕ್ಕಿಲ್ಲದೆ ಬಿಡಿಸಿಕೊಳ್ಳಬೇಕು, ಅಷ್ಟು ಉದ್ದದ ಮೇಜು ಯಾರ ಮನೆಯಲ್ಲಿದೆ? ಉತ್ತರ ಕರ್ನಾಟಕದ ಕೌದಿಯೂ, ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿಯೂ ನೆಲದ ಮೇಲೆ ಹುಟ್ಟುವ ವಸ್ತುಗಳೇ. ಹಳೆಯ ಸೀರೆಗಳ ಪದರಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಶುರುಮಾಡಿ ಒಳಗೆ ಒಳಗೆ ಸಾಲು ಹೊಲಿಗೆ ಹಾಕುತ್ತ ಹೋಗುವಾಗ ಪದರಗಳು ಸರಿಯದಂತೆ ಹಿಡಿಯುವುದು ನೆಲ. ಆ ಕೆಲಸಕ್ಕೆ ಒಂದಿಷ್ಟು ಒರಟು ಇರುವ ನೆಲವೇ ಒಳ್ಳೆಯದು.

ಕತ್ತರಿಗೆ ಮಾತ್ರ ನುಣುಪು ಬೇಕು. ದರ್ಜಿಯ ಕತ್ತರಿಯ ಹಿಡಿ ಮೇಲಕ್ಕೆ ಬಾಗಿರುತ್ತದೆ. ಕೆಳಗಿನ ಅಲಗು ನೆಲಕ್ಕೆ ಒರಗಿಕೊಂಡೇ ಮುಂದೆ ಸಾಗಲಿ, ಬಟ್ಟೆ ಮೇಲೇಳದಿರಲಿ ಎಂದು. ಜಮಖಾನೆಯ ಮೇಲೆ ಅಲಗಿನ ತುದಿ ನೂಲಿಗೆ ಸಿಕ್ಕಿಕೊಳ್ಳುತ್ತದೆ. ತೀರ ಮಿರುಗುವ ಟೈಲ್ಸಿನ ಮೇಲೆ ಅಲಗು ಸಲೀಸಾಗಿ ಹೋಗುತ್ತದೆ, ಆದರೆ ಸ್ಯಾಟಿನ್ನೋ ಕ್ರೇಪೋ ಆದರೆ ಅಲಗಿನ ಜೊತೆ ಬಟ್ಟೆಯೂ ಹೊರಟುಬಿಡುತ್ತದೆ. ಕತ್ತರಿ ಜಾರಬೇಕು, ಬಟ್ಟೆ ಜಾರಬಾರದು ಎಂಬ ಈ ಎರಡು ಬೇಡಿಕೆಗಳಿಗೂ ಒಪ್ಪುವುದು ಹೊಳಪಿಲ್ಲದ ಮ್ಯಾಟ್ ಮೈ. ರೆಡ್ ಆಕ್ಸೈಡಿನ ತೀಡಿದ ಮೈಯೂ, ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲಿನ ಉಜ್ಜಿದ ಮೈಯೂ ಈ ಹದದವೇ. ಶಹಾಬಾದ್ ಸುಣ್ಣದ ಕಲ್ಲಾದ್ದರಿಂದ ಒಂದು ಎಚ್ಚರ ಬೇಕು: ಮೆಷಿನ್ನಿನ ಎಣ್ಣೆ ತೊಟ್ಟಿಕ್ಕಿದರೆ ಅದು ಹೀರಿಕೊಂಡು ಕಲೆ ಉಳಿಸಿಕೊಳ್ಳುತ್ತದೆ. ವಿಟ್ರಿಫೈಡ್ ಟೈಲು ನೀರು ಹೀರುವುದು ತನ್ನ ತೂಕದ ಶೇ. 0.5ಕ್ಕಿಂತಲೂ ಕಡಿಮೆ, ಎಣ್ಣೆಯನ್ನು ಒರೆಸಿದರೆ ಆಯಿತು.

ಟೈಲ್ಸಿಗೆ ಇನ್ನೊಂದು ಗುಣವೂ ಇದೆ, ಅದನ್ನು ಹೊಲಿಯುವವರು ತಾವಾಗಿಯೇ ಕಂಡುಕೊಂಡಿದ್ದಾರೆ. ಸಂದುಗಳ ನೇರ ಗೆರೆಗಳಿಗೆ ಬಟ್ಟೆಯ ಅಂಚನ್ನು ಹೊಂದಿಸಿದರೆ ಎಳೆ ಸೊಟ್ಟಗಾಗದೆ ಮೂಲೆಮಟ್ಟ ಸಿಗುತ್ತದೆ. ದಿಕ್ಕಿಗೆ ಈ ಗೆರೆಗಳನ್ನು ನಂಬಬಹುದು. ಅಳತೆಗೆ ನಂಬಬಾರದು. ಅಂಗಡಿಯಲ್ಲಿ ‘ಎರಡಡಿ ಟೈಲ್ಸ್’ ಎಂದು ಕೊಡುವುದು 600 ಮಿಲಿಮೀಟರಿನದು. ಎರಡಡಿ ಎಂದರೆ 609.6 ಮಿಲಿಮೀಟರ್. ಸಂದಿನ ಎರಡು ಮೂರು ಮಿಲಿಮೀಟರ್ ಸೇರಿಸಿಕೊಂಡರೂ ಪ್ರತಿ ಟೈಲಿಗೆ ಸುಮಾರು ಏಳು ಮಿಲಿಮೀಟರ್ ಕಡಿಮೆ ಬೀಳುತ್ತದೆ. ಐದು ಟೈಲು ಎಣಿಸಿ ಹತ್ತಡಿ ಪರದೆ ಕತ್ತರಿಸಿದವರ ಬಟ್ಟೆ ಮೂರೂವರೆ ಸೆಂಟಿಮೀಟರ್ ಗಿಡ್ಡವಾಗಿರುತ್ತದೆ, ಮಡಿಕೆ ಹೊಲಿಗೆಗೆ ಬಿಟ್ಟ ಬಟ್ಟೆಯೆಲ್ಲ ಅಲ್ಲೇ ಹೋಯಿತು. ಟೇಪು ಹಿಡಿಯಲೇಬೇಕು.

ನಾವು ಮನೆಯೊಳಗೆ ಬರಿಗಾಲಿನಲ್ಲಿ ಓಡಾಡುವವರು. ಬಿದ್ದ ಗುಂಡುಪಿನ್ನು ಕಣ್ಣಿಗೆ ಕಾಣಬೇಕಾದದ್ದು ಇಲ್ಲಿ ನೆಲದ ಬಹುಮುಖ್ಯ ಗುಣ ಎಂದು ನನ್ನ ಗಟ್ಟಿ ಅಭಿಪ್ರಾಯ, ಪುಟ್ಟ ಮಕ್ಕಳು ತೆವಳುವ ಮನೆಯಲ್ಲಂತೂ ಮೊದಲ ಗುಣ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸುವ ಯೋಚನೆಯನ್ನು ಈ ಒಂದೇ ಕಾರಣಕ್ಕೆ ಬಿಡಬೇಕು. ನೂಲಿನ ದೂಳೂ ಅದರಲ್ಲಿ ಸೇರಿಕೊಂಡು ಕೂರುತ್ತದೆ. ಮೊಸಾಯಿಕ್ಕಿನ ಚುಕ್ಕೆಗಳ ನಡುವೆಯೂ, ಗೀರುಗೀರಾದ ಮಾರ್ಬಲ್ ಚಿತ್ತಾರದ ಟೈಲಿನ ಮೇಲೂ ಪಿನ್ನು ಮರೆಯಾಗುತ್ತದೆ. ಅಚ್ಚ ಬಿಳಿ ಹೊಳಪು ನೆಲದಲ್ಲಿ ದೀಪದ ಪ್ರತಿಬಿಂಬವೇ ಕಣ್ಣು ಕೋರೈಸುತ್ತದೆ. ಒಂದೇ ಬಣ್ಣದ, ನಡುಮಟ್ಟದ ಗಾಢತೆಯ ನೆಲದಲ್ಲಿ ಉಕ್ಕಿನ ಮಿಣುಕು ಎದ್ದು ಕಾಣುತ್ತದೆ, ಕೆಂಪು ನೆಲ ಇದರಲ್ಲಿ ಬಹಳ ಮುಂದು. ಕೆಲಸ ಮುಗಿದ ಮೇಲೆ ಒಂದು ಅಯಸ್ಕಾಂತವನ್ನು ನೆಲದ ಮೇಲೆ ಆಡಿಸುವುದು ಒಳ್ಳೆಯ ಅಭ್ಯಾಸ, ಆದರೆ ಹಿತ್ತಾಳೆಯ ಪಿನ್ನು ಅದಕ್ಕೆ ಅಂಟುವುದಿಲ್ಲ. ಉಕ್ಕಿನ ಪಿನ್ನನ್ನೇ ಕೊಳ್ಳಿ.

ಹೊಲಿಗೆ ಇದ್ದಲ್ಲಿ ಇಸ್ತ್ರಿಪೆಟ್ಟಿಗೆ ಇದ್ದೇ ಇರುತ್ತದೆ. ಹತ್ತಿಬಟ್ಟೆಗೆ ಇಟ್ಟಾಗ ಅದರ ತಳ ಸುಮಾರು 200 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ವಿನೈಲ್ ಹಾಸಿನಲ್ಲಿರುವ ಪಿವಿಸಿ 80 ಡಿಗ್ರಿಯ ಸುಮಾರಿಗೇ ಮೆತ್ತಗಾಗುತ್ತದೆ. ಮೇಲಾಗಿ ರಬ್ಬರ್ ಹಾಸು ಬಹಳ ದಿನ ವಿನೈಲ್ ಮೇಲೆ ಬಿದ್ದಿದ್ದರೆ ಅಳಿಸಲಾಗದ ಹಳದಿ ಕಲೆ ಬೀಳುತ್ತದೆ. ಕಾಲಿಗೆ ಹಿತವೆಂದು ಹಲವರು ವಿನೈಲ್ ಆರಿಸುತ್ತಾರೆ. ಹೊಲಿಗೆಯ ಕೋಣೆಗೆ ನಾನು ಅದನ್ನು ಹೇಳಲಾರೆ.

ಹಿತದ ಮಾತು ಸುಳ್ಳಲ್ಲ. ಮಲೆನಾಡಿನ ಆಷಾಢದಲ್ಲಿ ಕಲ್ಲಿನ ನೆಲದ ಮೇಲೆ ಗಂಟೆಗಟ್ಟಲೆ ಬರಿಗಾಲು ಊರಿದರೆ ಪಾದ ಮರಗಟ್ಟುತ್ತದೆ. ಅದೇ ಕೋಣೆಯ ಮರದ ಮಣೆಯೂ ಕಲ್ಲೂ ಒಂದೇ ಉಷ್ಣತೆಯಲ್ಲಿವೆ. ವ್ಯತ್ಯಾಸ ಇರುವುದು ಪಾದದ ಬಿಸಿಯನ್ನು ಸೆಳೆದುಕೊಳ್ಳುವ ವೇಗದಲ್ಲಿ. ಕಲ್ಲು ಮರಕ್ಕಿಂತ ಹಲವು ಪಟ್ಟು ಬೇಗ ಸೆಳೆಯುತ್ತದೆ. ಇದಕ್ಕಾಗಿ ಇಡೀ ನೆಲ ಬದಲಿಸಬೇಕಾಗಿಲ್ಲ, ಕಾಲಿರುವ ಜಾಗಕ್ಕೆ ಒಂದು ಗಟ್ಟಿ ರಬ್ಬರ್ ಹಾಸು ಸಾಕು. ಜಾರುವ ಪೆಡಲಿಗೂ ಟಕಟಕ ಸದ್ದಿಗೂ ಮದ್ದು ಅದೇ.

ಕರಾವಳಿಯವರಿಗೆ ಒಂದು ಹೆಚ್ಚಿನ ಮಾತು. ಮಳೆಗಾಲದ ಆರಂಭದಲ್ಲಿ ನೆಲ ಬೆವರುತ್ತದೆ. 30 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇ. 80 ಇದ್ದರೆ, 26 ಡಿಗ್ರಿಯ ಆಸುಪಾಸಿಗೆ ತಣಿದ ಯಾವ ಮೈಯ ಮೇಲಾದರೂ ನೀರು ಕೂರುತ್ತದೆ. ನೆಲಮಹಡಿಯ ಟೈಲು ಅಷ್ಟು ತಣ್ಣಗಿರುವುದು ಸಾಮಾನ್ಯ. ಅಂಥ ದಿನ ಕಿಟಕಿ ತೆರೆದರೆ ಇನ್ನಷ್ಟು ಹಸಿ ಗಾಳಿ ಒಳಗೆ ಬರುತ್ತದೆ. ಫ್ಯಾನು ಹಾಕಿ ನೆಲ ಒರೆಸಿ, ರೇಷ್ಮೆಯನ್ನು ಆ ದಿನ ಹರಡಬೇಡಿ. ಸೂಜಿಗಳ ಡಬ್ಬಿಯನ್ನು ನೆಲದಿಂದ ಮೇಲಿಡಿ.

ನನ್ನನ್ನು ಕೇಳಿದರೆ, ಒಳ್ಳೆಯ ಕೆಲಸಗಾರರು ಸಿಗುವ ಊರಿನಲ್ಲಿ ರೆಡ್ ಆಕ್ಸೈಡ್ ನೆಲ. ಸರಿಯಾಗಿ ನೀರುಣಿಸಿ ಹದಗೊಳಿಸದಿದ್ದರೆ ಅದು ಬಿರುಕು ಬಿಡುತ್ತದೆ, ಆ ಕಸುಬು ಬಲ್ಲವರು ಈಗ ಕಡಿಮೆ. ಅವರು ಸಿಗದಿದ್ದರೆ ಮ್ಯಾಟ್ ಮೈಯ, ಒಂದೇ ಬಣ್ಣದ ವಿಟ್ರಿಫೈಡ್ ಟೈಲು, ಸಂದು ಆದಷ್ಟು ಕಿರಿದಾಗಿರಲಿ. ಅಂಗಡಿಗೆ ಹೋಗುವಾಗ ಒಂದು ರವಿಕೆ ಕಣ, ನಿಮ್ಮ ಕತ್ತರಿ, ನಾಲ್ಕು ಗುಂಡುಪಿನ್ನು ತೆಗೆದುಕೊಂಡು ಹೋಗಿ. ಟೈಲನ್ನು ನೆಲದ ಮೇಲೆ ಇಡಿಸಿ, ಬಟ್ಟೆ ಹಾಸಿ ಕತ್ತರಿಯ ಅಲಗನ್ನು ಅದರ ಕೆಳಗೆ ಓಡಿಸಿ ನೋಡಿ. ಆಮೇಲೆ ಪಿನ್ನುಗಳನ್ನು ಚೆಲ್ಲಿ, ನಿಂತಲ್ಲಿಂದಲೇ ನಾಲ್ಕನ್ನೂ ಎಣಿಸಲು ಆಗುತ್ತದೆಯೇ ನೋಡಿ.