ಬೋರ್ಡುಗಳು ಸರಿದಾಗ ಕಂಡ ಬೀದಿ

ಮುಂಬೈಯ ಫೋರ್ಟ್ ಭಾಗದಲ್ಲಿ, ಕ್ರಾಫರ್ಡ್ ಮಾರ್ಕೆಟ್ಟಿನಿಂದ ಫ್ಲೋರಾ ಫೌಂಟನ್‌ವರೆಗೆ ಸಾಗುವ ದಾದಾಭಾಯಿ ನವರೋಜಿ ರಸ್ತೆಯನ್ನು ಊರಿನವರು ಡಿ.ಎನ್. ರೋಡ್ ಎನ್ನುತ್ತಾರೆ. ಹಿಂದೆ ಇದು ಹಾರ್ನ್‌ಬಿ ರೋಡ್ ಆಗಿತ್ತು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಕಾಲದಲ್ಲಿ ಕೋಟೆಗೋಡೆ ಕೆಡವಿದ ಮೇಲೆ ರಸ್ತೆ ಅಗಲವಾಯಿತು. ನಂತರದ ದಶಕಗಳಲ್ಲಿ ಬ್ಯಾಂಕು, ಪಾರ್ಸಿ ಧರ್ಮಸಂಸ್ಥೆ, ಪತ್ರಿಕಾ ಕಚೇರಿ, ಗ್ರಂಥಾಲಯಗಳ ಕಟ್ಟಡಗಳು ಇಲ್ಲಿ ಒಂದೊಂದಾಗಿ ಎದ್ದವು. ಒಂದು ಗಾಥಿಕ್, ಇನ್ನೊಂದು ಗ್ರೀಕ್ ಕಂಬಗಳದ್ದು, ಮತ್ತೊಂದು ಇಂಡೋ-ಸಾರ್ಸೆನಿಕ್. ಮಾಲೀಕರು ಬೇರೆ, ಅಭಿರುಚಿ ಬೇರೆ. ಹಾಗಿದ್ದೂ ಇಡೀ ರಸ್ತೆ ಒಂದೇ ಕೈಯಲ್ಲಿ ಮೂಡಿದಂತೆ ಕಾಣಲು ಮುಖ್ಯ ಕಾರಣ 1896ರ ಒಂದು ನಿಯಮ: ರಸ್ತೆಗೆ ಮುಖಮಾಡಿದ ಪ್ರತಿ ಕಟ್ಟಡವೂ ನೆಲಮಟ್ಟದಲ್ಲಿ ಕಮಾನಿನ ಪಡಸಾಲೆಯೊಂದನ್ನು ನಡೆಯುವವರಿಗೆ ಬಿಟ್ಟುಕೊಡಬೇಕು. ಮೇಲೆ ಯಾರು ಏನು ಬೇಕಾದರೂ ಕಟ್ಟಿಕೊಳ್ಳಲಿ, ಕೆಳಗೆ ಬಿಸಿಲು ಮಳೆ ತಾಕದ ದಾರಿ ಎಲ್ಲರದು. ಈ ಬೀದಿಯ ಚೆಲುವು ಹುಟ್ಟಿದ್ದೇ ಹೀಗೆ ಹಂಚಿಕೊಂಡ ಒಂದು ಕಟ್ಟುಪಾಡಿನಿಂದ. ನೂರು ವರ್ಷಗಳ ನಂತರ ಅದು ಮರಳಿ ಬಂದದ್ದೂ ಅಂಥದೇ ಇನ್ನೊಂದು ಕಟ್ಟುಪಾಡಿನಿಂದ. ವಾಸ್ತುಶಿಲ್ಪಿಯ ಕೆಲಸವನ್ನು ನಕ್ಷೆ ಮತ್ತು ಸಿಮೆಂಟಿಗೆ ಸೀಮಿತಗೊಳಿಸಿ ನೋಡುವ ನಮಗೆ ಈ ರಸ್ತೆಯ ಕಥೆ ಗೊತ್ತಿರಬೇಕು.

1990ರ ದಶಕದ ಹೊತ್ತಿಗೆ ಡಿ.ಎನ್. ರೋಡಿನ ಕಮಾನುಗಳು ಬೋರ್ಡುಗಳ ಹಿಂದೆ ಅಡಗಿಹೋಗಿದ್ದವು. ಅಂಗಡಿಯ ಹೆಸರು ಕಮಾನಿನ ಮೇಲೇರಿತು, ಕಂಬಕ್ಕೆ ಸುತ್ತಿಕೊಂಡಿತು. ಅದರ ಜೊತೆಗೆ ಎ.ಸಿ. ಪೆಟ್ಟಿಗೆಗಳು, ಜೋತುಬಿದ್ದ ಕೇಬಲ್ಲುಗಳು. 1995ರಲ್ಲಿ ಬಂದ ಮುಂಬೈಯ ಪರಂಪರೆ ಸಂರಕ್ಷಣಾ ನಿಯಮಗಳು ಬಿಡಿ ಕಟ್ಟಡಗಳ ಜೊತೆ ಇಂಥ ಇಡೀ ಬೀದಿಗಳಿಗೂ ರಕ್ಷಣೆ ಕೊಟ್ಟವು. ಆದರೆ ಕೆಡವಬೇಡಿ ಎಂದು ಹೇಳುವಷ್ಟು ಸುಲಭವಾಗಿ, ಅಂಗಡಿಯವನು ತನ್ನ ಹೆಸರನ್ನು ಎಲ್ಲಿ ಬರೆಸಬೇಕು ಎಂಬುದನ್ನು ಕಾನೂನು ಹೇಳಲಾರದು. ಈ ತೆರವನ್ನು ತುಂಬಿದವರು ಸಂರಕ್ಷಣಾ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ. ಮುಂಬೈ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಪರಂಪರೆ ಸಂಸ್ಥೆಯ ನೆರವಿನಿಂದ ಅವರು ರಸ್ತೆಯ ಕಟ್ಟಡಗಳನ್ನು ಅಧ್ಯಯನ ಮಾಡಿ, ಬೋರ್ಡು, ದೀಪದ ಕಂಬ, ಬೆಂಚುಗಳ ಬಗ್ಗೆ ಒಂದು ಕೈಪಿಡಿ ಸಿದ್ಧಪಡಿಸಿದರು. ಅದು ಕೇಳಿದ್ದು ಬಹಳ ಕಡಿಮೆ. ಬೋರ್ಡು ಕಮಾನಿನ ಅಳತೆಗೆ ಒಗ್ಗಲಿ, ಕಲ್ಲಿನ ಕೆತ್ತನೆಯನ್ನು ಮುಚ್ಚದಿರಲಿ, ಅಷ್ಟೇ. ಅಂಗಡಿಕಾರರು, ಬಾಡಿಗೆದಾರರು, ನಾಗರಿಕರು ಹೆರಿಟೇಜ್ ಮೈಲ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿಕೊಂಡರು, ಅಂಗಡಿಯವರು ತಮ್ಮ ಖರ್ಚಿನಲ್ಲೇ ಬೋರ್ಡು ಬದಲಿಸಿದರು. 2004ರಲ್ಲಿ ಈ ಕೆಲಸಕ್ಕೆ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿ ಸಂದಿತು. ಅದೇ ವರ್ಷ, ಹಿಂದೆ ವಿಕ್ಟೋರಿಯಾ ಟರ್ಮಿನಸ್ ಎನಿಸಿದ್ದ ಅದೇ ರಸ್ತೆಯ ರೈಲು ನಿಲ್ದಾಣ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಸ್ಟೇಷನ್ನಿಗೆ ಬಂದ ಗೌರವ ದೊಡ್ಡದೇ, ಆದರೆ ಬೀದಿಗೆ ಬಂದದ್ದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ, ಏಕೆಂದರೆ ಅದು ವ್ಯಾಪಾರ ಮಾಡುತ್ತಲೇ ಇದ್ದ ಜನರ ಪಾಲಿನದು.

ಲಾಭದ ಲೆಕ್ಕ ಬಲ್ಲ ವ್ಯಾಪಾರಿ ತನ್ನ ಬೋರ್ಡನ್ನು ಏಕೆ ಚಿಕ್ಕದು ಮಾಡಿಕೊಳ್ಳುತ್ತಾನೆ? ಪಕ್ಕದವನ ಬೋರ್ಡು ಐದಡಿ ಇದ್ದರೆ ಇವನಿಗೆ ಆರಡಿ ಬೇಕು, ಅವನು ಆಗ ಏಳಕ್ಕೆ ಏರುತ್ತಾನೆ. ಖರ್ಚು ಬೆಳೆಯುತ್ತದೆ, ಗಿರಾಕಿಯ ಕಣ್ಣಿಗೆ ಯಾವುದೂ ಬೀಳುವುದಿಲ್ಲ. ಈ ಪೈಪೋಟಿಯಿಂದ ಒಬ್ಬನೇ ಹಿಂದೆ ಸರಿದರೆ ಅವನಿಗೇ ನಷ್ಟ, ಎಲ್ಲರೂ ಒಟ್ಟಿಗೆ ಸರಿದರೆ ಯಾರಿಗೂ ಇಲ್ಲ. ಆ ಒಟ್ಟಿಗೆ ಎಂಬುದನ್ನು ಸಾಧ್ಯಮಾಡಲು ಬೀದಿಯಲ್ಲಿ ಅಂಗಡಿ ಇಲ್ಲದ, ಯಾರ ಪಕ್ಷವೂ ಅಲ್ಲದ, ಅಳತೆ ಬಲ್ಲ ಒಬ್ಬರು ಬೇಕು. ವಾಸ್ತುಶಿಲ್ಪಿ ಇಲ್ಲಿ ನಿಭಾಯಿಸಿದ್ದು ಆ ಪಾತ್ರವನ್ನು.

ಇದೆಲ್ಲ ಮೇಲ್ಮೈಯ ಅಲಂಕಾರ, ಒಳಗೆ ತೊಲೆ ಕೊಳೆಯುತ್ತಿರುವಾಗ ಮುಖ ತೊಳೆದು ಏನು ಪ್ರಯೋಜನ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2020ರ ಜುಲೈ ಮಳೆಯಲ್ಲಿ ಫೋರ್ಟಿನ ಭಾನುಶಾಲಿ ಕಟ್ಟಡದ ಒಂದು ಭಾಗ ಕುಸಿದು ಒಳಗಿದ್ದ ಹಲವರು ಸತ್ತರು. ಮುಂಬೈಯ ಹಳೆಯ ಕಟ್ಟಡಗಳು ಶಿಥಿಲವಾಗಲು ಒಂದು ದೊಡ್ಡ ಕಾರಣ 1947ರ ಬಾಡಿಗೆ ನಿಯಂತ್ರಣ ಕಾಯ್ದೆ. ಬಾಡಿಗೆ ಹಳೆಯ ಮಟ್ಟದಲ್ಲೇ ನಿಂತುಹೋದ್ದರಿಂದ ಮಾಲೀಕನಿಗೆ ದುರಸ್ತಿಯ ಹಣವೂ ಹುಟ್ಟಲಿಲ್ಲ, ಪಗಡಿ ಎಂಬ ಮುಂಗಡ ಮೊತ್ತ ಕೊಟ್ಟು ಕೂತ ಬಾಡಿಗೆದಾರನಿಗೆ ಅದು ತನ್ನ ಹೊಣೆ ಎನಿಸಲೂ ಇಲ್ಲ. ಯಾವ ಬೋರ್ಡಿನ ಕೈಪಿಡಿಯೂ ಇದನ್ನು ಸರಿಪಡಿಸದು. ಆದರೆ ಬೋರ್ಡಿನ ಹಿಂದೆ ಬಿರುಕು ಅಡಗಿರುತ್ತದೆ, ತೆಗೆದಾಗಲೇ ಅದು ಕಾಣುವುದು. ಮೇಲಾಗಿ, ಸಣ್ಣ ಕೆಲಸಕ್ಕೆ ಸೇರಿದ ಜನ ದೊಡ್ಡದಕ್ಕೂ ಸೇರಬಲ್ಲರು. ಹತ್ತಿರದ ಕಾಲಾ ಘೋಡಾದಲ್ಲಿ 1998ರಲ್ಲಿ ಹುಟ್ಟಿದ ಸಂಘ ಮರುವರ್ಷದಿಂದ ಕಲಾ ಉತ್ಸವ ನಡೆಸಿ, ಅದರಿಂದ ಬಂದ ಹಣವನ್ನು ಆ ಪ್ರದೇಶದ ಸಂರಕ್ಷಣೆಗೆ ಬಳಸುತ್ತ ಬಂದಿದೆ. ಕುಳಿತು ಮಾತಾಡುವ ಸಂಘವೇ ಇಲ್ಲದ ಬೀದಿಯಲ್ಲಿ ದುರಸ್ತಿಯ ಹಣದ ಪ್ರಶ್ನೆಯನ್ನು ಎತ್ತುವವರೂ ಇರುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೀದಿಬದಿ ವ್ಯಾಪಾರಿಗಳದ್ದು. ಬೀದಿ ಚೆಂದವಾದಾಗಲೆಲ್ಲ ಮೊದಲು ಜಾಗ ಖಾಲಿಮಾಡಬೇಕಾದವರು ಅವರು ಎಂಬ ಭಯಕ್ಕೆ ನಮ್ಮ ನಗರಗಳಲ್ಲಿ ಬೇಕಾದಷ್ಟು ಆಧಾರವಿದೆ. ಪಡಸಾಲೆ ನಡೆಯುವವರಿಗಾಗಿ ಇರುವುದು ನಿಜ. ಆದರೆ ಅಲ್ಲಿ ನಡೆಯುವ ಗುಮಾಸ್ತರಿಗೆ, ಹೋಟೆಲ್ ಕೆಲಸದವರಿಗೆ ಅಗ್ಗದ ಪುಸ್ತಕ, ಚಪ್ಪಲಿ, ತಿಂಡಿ ಬೇಕು. ಕರಾವಳಿಯಿಂದ ಬಂದು ಫೋರ್ಟಿನ ಹೋಟೆಲುಗಳಲ್ಲಿ ಹಗಲು ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದ ಹುಡುಗರ ಮುಂಬೈ ಇದೇ ಆಗಿತ್ತು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಗಳಲ್ಲಿ ಅವರಿಗೂ ಸ್ಥಾನ ಕೊಟ್ಟಿದೆ. ಅಂಗಡಿ ಇದ್ದವರ ಸಂಘವೊಂದೇ ಇಡೀ ಬೀದಿಯ ದನಿ ಎನ್ನುವುದಾದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಕಟ್ಟುಪಾಡಿನಲ್ಲಿ ಅವರೂ ಪಾಲುದಾರರಾದರೆ ಮಾತ್ರ ಉತ್ತರವಿದೆ.

ಒಪ್ಪಿಸುವ ಗೋಜೇಕೆ, ದಂಡ ಹಾಕಿದರೆ ಸಾಲದೇ ಎನ್ನುವವರು ಬೋರ್ಡಿನ ಕಾನೂನುಗಳನ್ನೇ ನೋಡಬಹುದು. ಮಹಾರಾಷ್ಟ್ರದ 2022ರ ತಿದ್ದುಪಡಿಯಂತೆ ಬೋರ್ಡಿನ ಮೇಲಿನ ಮರಾಠಿ ಅಕ್ಷರ ಬೇರೆ ಲಿಪಿಗಿಂತ ಚಿಕ್ಕದಿರಬಾರದು. ಕರ್ನಾಟಕದ 2024ರ ಕಾಯ್ದೆ ಶೇ. 60ರಷ್ಟು ಕನ್ನಡ ಕೇಳುತ್ತದೆ. ಎರಡೂ ನ್ಯಾಯವಾದವೇ. ಆದರೆ ಬೋರ್ಡಿನೊಳಗೆ ಯಾವ ಭಾಷೆಗೆ ಎಷ್ಟು ಪಾಲು ಎಂಬುದನ್ನು ಕಾನೂನು ಹೇಳಬಲ್ಲದು, ಆ ಬೋರ್ಡು ಯಾವ ಕಮಾನಿನಡಿ ಹೇಗೆ ಕೂರಬೇಕು ಎಂಬುದು ಆ ಕಮಾನನ್ನು ಬಲ್ಲವರಿಗೇ ಗೊತ್ತು. ಈ ಮಾತು ನಮ್ಮ ಊರುಗಳಿಗೂ ಸಲ್ಲುತ್ತದೆ. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ 2016ರಲ್ಲಿ ಹಳೆಯ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದ ಮೇಲೆ, ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ಕೋರ್ಟಿನವರೆಗೂ ಹೋಯಿತು. ಆ ರಸ್ತೆಯುದ್ದದ ಬೋರ್ಡು, ಫುಟ್‌ಪಾತು, ಹೂವು ಮಾರುವವರ ಜಾಗದ ಬಗ್ಗೆ ವ್ಯಾಪಾರಿಗಳೂ ಊರಿನ ವಾಸ್ತುಶಿಲ್ಪಿಗಳೂ ಒಂದು ಮೇಜಿನ ಸುತ್ತ ಕೂರಲು ಯಾವ ತೀರ್ಪಿಗೂ ಕಾಯಬೇಕಿಲ್ಲ.