ಅಂಡಾಶಯದ ಕ್ಯಾನ್ಸರ್ ಮತ್ತು ಸುಪ್ತವಾದ ರಕ್ಷಣಾ ಜೀನುಗಳು

ದೇಹದ ಜೀವಕೋಶಗಳೆಲ್ಲವೂ ಬಹುಮಟ್ಟಿಗೆ ಒಂದೇ ಡಿ.ಎನ್.ಎ.ಯನ್ನು ಪಡೆದಿದ್ದರೂ ಯಕೃತ್ತಿನ ಕೋಶವು ನರಕೋಶದಂತೆ ವರ್ತಿಸುವುದಿಲ್ಲ. ಡಿ.ಎನ್.ಎ.ಗೂ, ಅದು ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನುಗಳಿಗೂ ಅಂಟಿಕೊಳ್ಳುವ ರಾಸಾಯನಿಕ ಗುರುತುಗಳು ಕೆಲವು ಜೀನುಗಳನ್ನು ಕಾರ್ಯನಿರತವಾಗಿಯೂ ಕೆಲವನ್ನು ಸುಪ್ತವಾಗಿಯೂ ಇರಿಸುತ್ತವೆ. ಜೀನಿನ ರಚನಾಕ್ರಮ ಕೆಡದೆ ಅದರ ಕಾರ್ಯದಲ್ಲಿ ಮಾತ್ರ ಉಂಟಾಗಿ, ಕೋಶವಿಭಜನೆಯ ಅನಂತರವೂ ಉಳಿದುಬರುವ ಇಂಥ ಮಾರ್ಪಾಟುಗಳನ್ನು ಎಪಿಜೆನೆಟಿಕ್ ಮಾರ್ಪಾಟುಗಳೆನ್ನುವರು. ಕ್ಯಾನ್ಸರ್ ರೋಗಿಯ ಆಯುಸ್ಸಿಗೂ ಇವಕ್ಕೂ ಇರುವ ಸಂಬಂಧವನ್ನು ಅಂಡಾಶಯದ ಕ್ಯಾನ್ಸರಿನ ಉದಾಹರಣೆಯಿಂದ ಇಲ್ಲಿ ವಿವೇಚಿಸುವೆವು.

ಮುಂದುವರಿದ ಹಂತದ ಈ ರೋಗಕ್ಕೆ ತುತ್ತಾದವರ 186 ಗೆಡ್ಡೆಗಳ ಪರೀಕ್ಷೆಯ ಫಲಿತಾಂಶವು 2003ರಲ್ಲಿ ಪ್ರಕಟವಾಯಿತು. ರೋಗವನ್ನು ಎದುರಿಸುವ ಟಿ-ಕೋಶಗಳೆಂಬ ಬಿಳಿಯ ರಕ್ತಕಣಗಳು ಯಾರ ಗೆಡ್ಡೆಯೊಳಕ್ಕೆ ನುಗ್ಗಿದ್ದವೋ ಅವರಲ್ಲಿ ಐದು ವರ್ಷ ಬದುಕಿದವರು ಶೇಕಡ 38. ಅವು ಇಲ್ಲದವರಲ್ಲಿ ಶೇಕಡ 4.5 ಮಾತ್ರ. ಹಾಗಾದರೆ ಕೆಲವು ಗೆಡ್ಡೆಗಳಿಗೆ ಟಿ-ಕೋಶಗಳು ಏಕೆ ಬರುವುದಿಲ್ಲ?

ಟಿ-ಕೋಶಗಳನ್ನು ಬಳಿಗೆ ಸೆಳೆಯುವ ಪ್ರೋಟೀನುಗಳಲ್ಲಿ ಸಿ.ಎಕ್ಸ್.ಸಿ.ಎಲ್.-9 ಮತ್ತು ಸಿ.ಎಕ್ಸ್.ಸಿ.ಎಲ್.-10 ಮುಖ್ಯವಾದವು. ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ತೋರಿಸಿದಂತೆ, ಕ್ಯಾನ್ಸರ್ ಕೋಶದಲ್ಲಿ ಎರಡು ಕಿಣ್ವಗಳು ಇವುಗಳ ಉತ್ಪತ್ತಿಯನ್ನು ತಡೆಯುತ್ತವೆ. ಇ.ಝಡ್.ಎಚ್.-2 ಎಂಬುದು ಹಿಸ್ಟೋನಿಗೂ, ಡಿ.ಎನ್.ಎಂ.ಟಿ.-1 ಎಂಬುದು ಡಿ.ಎನ್.ಎ.ಗೂ ಮೀಥೈಲ್ ಗುಂಪುಗಳನ್ನು ಜೋಡಿಸುತ್ತವೆ. ಜೀನುಗಳು ಅಳಿದಿಲ್ಲ, ಆದರೆ ಅವುಗಳ ಕರೆ ಟಿ-ಕೋಶಗಳಿಗೆ ತಲುಪುವುದಿಲ್ಲ. ಇಲಿಗಳಲ್ಲಿ ಈ ಕಿಣ್ವಗಳನ್ನು ಔಷಧಗಳಿಂದ ತಡೆದಾಗ ಗೆಡ್ಡೆಯೊಳಗೆ ಟಿ-ಕೋಶಗಳು ಹೆಚ್ಚಿದವು, ಗೆಡ್ಡೆಯ ಬೆಳವಣಿಗೆ ಕುಗ್ಗಿತು. ರೋಗಿಗಳಲ್ಲಿಯೂ ಈ ಕಿಣ್ವಗಳು ಅಧಿಕವಾಗಿದ್ದ ಗೆಡ್ಡೆಗಳಲ್ಲಿ ಟಿ-ಕೋಶಗಳು ವಿರಳವಾಗಿದ್ದು, ಆಯುಸ್ಸೂ ಕಡಮೆಯಾಗಿತ್ತು.

ಈ ಫಲಿತಾಂಶಗಳನ್ನು ಅರ್ಥೈಸುವಾಗ ಎರಡು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದಾಗಿ, ರೋಗಿಗಳಲ್ಲಿ ಕಂಡುಬಂದುದು ಸಹಸಂಬಂಧವೇ ಹೊರತು ಕಾರಣದ ನಿರ್ಣಯವಲ್ಲ. ರೋಗದ ಹಂತ, ಶಸ್ತ್ರಚಿಕಿತ್ಸೆಯ ಬಳಿಕ ಉಳಿದ ಗೆಡ್ಡೆಯ ಪ್ರಮಾಣ ಮುಂತಾದುವೂ ಆಯುಸ್ಸನ್ನು ಪ್ರಭಾವಿಸುತ್ತವೆ. ಎರಡನೆಯದಾಗಿ, ಟಿ-ಕೋಶಗಳ ಬೆಳವಣಿಗೆಗೂ ಇವೇ ಕಿಣ್ವಗಳು ಬೇಕು. ಆದುದರಿಂದ ಅವನ್ನು ತಡೆಯುವ ಔಷಧವು ಶತ್ರುವಿನೊಡನೆ ರಕ್ಷಕನನ್ನೂ ದುರ್ಬಲಗೊಳಿಸಬಹುದು.

ಆದರೂ ಆಶೆಗೆ ಆಧಾರವಿದೆ. ಅಳಿಸಿಹೋದ ಜೀನನ್ನು ಮರಳಿ ಪಡೆಯುವುದು ಬಲು ಕಷ್ಟ. ಮೀಥೈಲ್ ಗುರುತನ್ನಾದರೋ ತೆಗೆಯಬಹುದು. ಡಿ.ಎನ್.ಎ.ಯಲ್ಲಿನ ಇಂಥ ಗುರುತುಗಳನ್ನು ತಗ್ಗಿಸುವ ಅಜಸಿಟಿಡೀನ್ ಎಂಬ ಔಷಧಕ್ಕೆ ಅಸ್ಥಿಮಜ್ಜೆಯ ವ್ಯಾಧಿಯೊಂದರ ಚಿಕಿತ್ಸೆಗಾಗಿ ಅಮೆರಿಕದಲ್ಲಿ 2004ರಲ್ಲಿಯೇ ಅನುಮತಿ ದೊರೆಯಿತು. ಅಂಡಾಶಯದ ಕ್ಯಾನ್ಸರಿನ ವಿಷಯದಲ್ಲಿ ಗುರುತು ಅಳಿಯಿತೆಂಬುದಷ್ಟೇ ಸಾಲದು. ರೋಗಿಯ ಆಯುಸ್ಸು ಅದರಿಂದ ವೃದ್ಧಿಯಾಯಿತೇ ಎಂಬುದನ್ನೇ ನಾವು ಪ್ರಮಾಣವಾಗಿ ಕೇಳಬೇಕು.